ಹೊಂಗೆಕಟ್ಟೆಗೆ ಸಮೀಪ

ಚಿಕ್ಕಹನುಮಯ್ಯ ಠಾಣೆಗೆ ಬಂದು ನೋಡುತ್ತಾನೆ, ಅವನ ಕುರ್ಚಿಯ ಮೇಲೆ ತೋಂಟದಾರ್ಯ ನಿಂತಿದ್ದಾನೆ. ಕೂತಿದ್ದರೆ ಏಳು ಅನ್ನಬಹುದಿತ್ತು, ನಿಂತವನಿಗೆ ಏನನ್ನುವುದು? ಬೂಟು ಬಿಚ್ಚಿಟ್ಟು, ಹೆಬ್ಬೆರಳು ಹೊರಗೆ ಇಣುಕುವ ತೂತು ಕಾಲುಚೀಲದಲ್ಲಿ ನಿಂತು, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು, ಗೋಡೆಗೆ ನಕ್ಷೆ ಹೊಡೆಯುತ್ತಿದ್ದಾನೆ. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಹನ್ನೊಂದು ವರ್ಷ ಚಿಕ್ಕಹನುಮಯ್ಯ ಕೂತು ಸವೆಸಿದ ಕುರ್ಚಿ ಅದು. ಠಾಣೆಯ ರೈಟರ್ ಅವನು, ಬಂದವರ ದೂರು ಬರೆದುಕೊಳ್ಳುವವನು, ಆ ಕುರ್ಚಿಯಲ್ಲಿ ಸಬ್ ಇನ್ಸ್‌ಪೆಕ್ಟರ್ ಕಾಡಸಿದ್ದಪ್ಪನವರೂ ಕೂರುತ್ತಿರಲಿಲ್ಲ. "ಎಸ್ಪಿ ಸಾಹೇಬ್ರು ಹನ್ನೊಂದಕ್ಕೆ ಬತ್ತಾರಂತೆ ಕಣ್ಲಾ ಹನುಮ, ಆ ಮೂಲೆ ಒಸಿ ಹಿಡ್ಕೊ," ಎಂದ ತೋಂಟದಾರ್ಯ, ಮೊಳೆಗಳ ಸಂದಿಯಿಂದ. ಚಿಕ್ಕಹನುಮಯ್ಯ ಹಿಡಿದುಕೊಂಡ. ಹಿಡಿದುಕೊಂಡ ಮೇಲೆ ತನ್ನ ಮೇಲೇ ಸಿಟ್ಟು ಬಂತು. ಹದಿನೆಂಟು ವರ್ಷದಿಂದ ಇದೇ ಆಯಿತಲ್ಲ, ಮೊಳೆ ಹೊಡೆಯುವವನು ಅವನು, ಮೂಲೆ ಹಿಡಿಯುವವನು ನಾನು. ನಕ್ಷೆಯ ನಟ್ಟನಡುವೆ ಗುಂಡುಸೂಜಿಗಳು ಒತ್ತೊತ್ತಾಗಿ ಗುಂಪುಗಟ್ಟಿದ್ದವು. ಒಂದೊಂದರ ತಲೆಗೂ ಕೆಂಪು ಅರಗು. ಲಕೋಟೆಗೆ ಮುದ್ರೆ ಒತ್ತುವ ಠಾಣೆಯ ಅರಗನ್ನು ಮೊಂಬತ್ತಿಯಲ್ಲಿ ಕರಗಿಸಿ, ಬೆರಳು ಸುಟ್ಟುಕೊಂಡು, ಒಂದೊಂದು ಸೂಜಿಯನ್ನೂ ಅದ್ದಿಕೊಟ್ಟವನು ಚಿಕ್ಕಹನುಮಯ್ಯನೇ. ನಲವತ್ತೊಂದು ಸೂಜಿ. ನಲವತ್ತೊಂದು ಸಲ ತೆಂಗಿನಕಾಯಿ ಕಳವು. ಎಲ್ಲವೂ ಒಂದೇ ಜಾಗದಲ್ಲಿ, ಹೊಂಗೆಕಟ್ಟೆಯಲ್ಲಿ.

ಬೆಳಿಗ್ಗೆ ಮನೆಯಲ್ಲೂ ಇದೇ ಪುರಾಣ. ಹೆಂಡತಿ ರಂಗಕ್ಕ ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೆ ಉಫ್ ಎನ್ನುತ್ತಾ, "ಅಲ್ಲಾ ಕಣ್ರೀ, ತೋಂಟದಾರಣ್ಣೋರಿಗೆ ಮೂರು ಪಟ್ಟಿ ಕೊಡ್ತಾರಂತೆ? ನಿಮ್ಮ ಜೊತೇಲೇ ಸೇರುದ್ರಲ್ವಾ ಅವ್ರೂವೆ?" ಎಂದಿದ್ದಳು. ಅವಳದು ಬರೀ ಪ್ರಶ್ನೆ, ಚುಚ್ಚುವ ಉದ್ದೇಶ ಎಳ್ಳಷ್ಟೂ ಇಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಠಾಣೆಗೆ ಒಂದೇ ಒಂದು ಹೆಡ್ ಕಾನ್‌ಸ್ಟೇಬಲ್ ಹುದ್ದೆ ಬಂದಿದೆ. ಇಬ್ಬರೂ ಒಂದೇ ದಿನ ಸೇರಿದವರು, ಯಾರ ಹೆಸರು ಹೋಗಬೇಕೆಂದು ಎಸ್ಪಿ ಸಾಹೇಬರು ಇವತ್ತು ಹೇಳುತ್ತಾರೆ. ಯಾರ ಹೆಸರೆಂದು ಊರಿಗೆಲ್ಲ ಗೊತ್ತು. ಕೊಬ್ಬರಿ ಮಂಡಿಯಲ್ಲಿ ಹಮಾಲಿಗಳಿಗೆ ಗೊತ್ತು, ಬಸ್‌ಸ್ಟಾಂಡಿನ ಹೋಟೆಲಿನವನಿಗೆ ಗೊತ್ತು, ಈಗ ಇಸ್ತ್ರಿಪೆಟ್ಟಿಗೆ ಊದುವವಳಿಗೂ ಗೊತ್ತು. "ಕೊಟ್ರೆ ಕೊಟ್ಕೊಳ್ಳಿ ಬುಡು, ನಮಗೇನು," ಎಂದಿದ್ದ. ಹೊಟ್ಟೆಯಲ್ಲಿ ಅದೇ ಇಸ್ತ್ರಿಪೆಟ್ಟಿಗೆ ಕೂತ ಹಾಗಿತ್ತು.

ಹೊಟ್ಟೆಕಿಚ್ಚು ಎಂದು ಅದಕ್ಕೆ ಹೆಸರಿಡಲು ಅವನಿಗೆ ಇಷ್ಟವಿರಲಿಲ್ಲ. ಹೊಟ್ಟೆಕಿಚ್ಚು ಪಡುವವರು ಬೇರೆ ಜನ, ಬೇಲಿ ಒತ್ತುವವರು, ಅಣ್ಣತಮ್ಮಂದಿರು, ಅಂಥವರ ದೂರುಗಳನ್ನು ಅವನು ನೂರಾರು ಬರೆದಿದ್ದಾನೆ. ತನ್ನದು ನ್ಯಾಯದ ಪ್ರಶ್ನೆ ಎಂದುಕೊಂಡಿದ್ದ. ಆದರೆ ಜನವರಿಯಲ್ಲಿ, ಎಂಬತ್ನಾಲ್ಕನೇ ಇಸವಿ ಹುಟ್ಟಿ ಇನ್ನೂ ಹದಿನೈದು ದಿನವಾಗಿರಲಿಲ್ಲ, ಗಿರಿಜಾಂಬಿಕಾ ಎಂಬ ಆ ಮೇಷ್ಟರಮ್ಮ ವಿಶ್ವವಿದ್ಯಾಲಯದಿಂದ ಕಾಗದ ಹಿಡಿದುಕೊಂಡು ಬಂದಾಗ ನ್ಯಾಯ ಅವನ ಕಡೆಗೇ ಇತ್ತು. ಹನ್ನೊಂದು ದಿನ ಅವರು ಅವನ ಮೇಜಿನ ಎದುರು ಕೂತು ಮೂರು ವರ್ಷದ ರಿಜಿಸ್ಟರುಗಳನ್ನು ಓದಿದರು. ಅಷ್ಟು ದಿನ ಯಾರೂ, ಹೆತ್ತ ತಾಯಿಯೂ, ಅವನು ಬರೆದದ್ದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. "ಒಂದು ಚಿತ್ತಿಲ್ಲ, ಕಾಟಿಲ್ಲ, ಎಷ್ಟು ದುಂಡಗೆ ಬರೀತೀರಿ ಚಿಕ್ಕಹನುಮಯ್ಯನವರೇ," ಎಂದಿದ್ದರು. 'ನವರೇ' ಎಂದಿದ್ದರು. ಆ ರಾತ್ರಿ ಮನೆಯಲ್ಲಿ ಎರಡು ಸಲ ಸುಮ್ಮಸುಮ್ಮನೆ ನಕ್ಕು ರಂಗಕ್ಕನಿಂದ ಬೈಸಿಕೊಂಡಿದ್ದ. ಕಳ್ಳತನ ಎನ್ನುವುದು ಊರೆಲ್ಲ ಸಮನಾಗಿ ಹರಡಿರುವುದಿಲ್ಲ, ಗೆದ್ದಲಿನ ಹಾಗೆ ಅಲ್ಲೊಂದು ಇಲ್ಲೊಂದು ಕಡೆ ಹುತ್ತ ಕಟ್ಟುತ್ತದೆ, ಆ ಜಾಗ ಯಾವುದೆಂದು ಗೊತ್ತಾದರೆ ಪೊಲೀಸರು ಎಲ್ಲ ಕಡೆ ಅಲೆಯಬೇಕಿಲ್ಲ, ಹಳೇ ಕಳ್ಳರ ಪಟ್ಟಿ ಹಿಡಿದು ಸಿಕ್ಕಿದವರನ್ನು ತಂದು ಬಡಿಯಬೇಕಿಲ್ಲ, ಆ ಒಂದು ಜಾಗದಲ್ಲಿ ದಿನಕ್ಕೆ ಎರಡು ಸಲ, ಹೊತ್ತು ಗೊತ್ತಿಲ್ಲದೆ ಹೋಗಿ, ಹದಿನೈದು ನಿಮಿಷ ನಿಂತು, ಜನರ ಜೊತೆ ಮಾತಾಡಿ ಬಂದರೆ ಸಾಕು ಎಂದು ಅವರು ಹೇಳುತ್ತಿದ್ದರೆ ಅವನು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೇಳುತ್ತಿದ್ದ. ಹನ್ನೆರಡನೇ ದಿನ ಜಾಗ ನೋಡಬೇಕೆಂದರು. ಜಾಗ ತೋರಿಸುವವನು ತೋಂಟದಾರ್ಯ. ಅಲ್ಲಿಗೆ ಮುಗಿಯಿತು. ಅವನ ಸೈಕಲ್ಲಿನ ಪಕ್ಕ ಅವರು ನಡೆದುಕೊಂಡು ಹೋದದ್ದನ್ನು ಕಿಟಕಿಯಿಂದ ನೋಡಿದ. ಸಂಜೆ ಇಬ್ಬರೂ ಕೆಮ್ಮಣ್ಣಿನ ಧೂಳು ಮೆತ್ತಿಕೊಂಡು, ಯಾವುದೋ ಮಾತಿಗೆ ನಗುತ್ತಾ, ಒಂದೊಂದು ಎಳನೀರು ಹಿಡಿದುಕೊಂಡು ಬಂದರು. ಇಬ್ಬರೂ ಒಂದೇ ಜನ, ವಿಭೂತಿಯವರು, ಅದಕ್ಕೇ ಹೊಂದಿಕೊಂಡರು ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಎಳನೀರು ಮೂರನೆಯದು ಇರಲಿಲ್ಲ ಎಂಬುದಂತೂ ನಿಜ.

"ಹೊಂಗೆಕಟ್ಟೆಗೆ ಸಮೀಪ ಅಂತ ಇಷ್ಟೊಂದು ಇದಾವಲ್ಲ, ಎಲ್ಲವೂ ಅಲ್ಲೇ ಆಗಿದ್ದಾ?" ಎಂದು ಅವರು ಮೊದಲ ದಿನಗಳಲ್ಲೇ ಕೇಳಿದ್ದರು. ಕನ್ನಡಕ ತೆಗೆದು, ಒರೆಸುತ್ತಾ, ಬರಿಗಣ್ಣಲ್ಲಿ ನೋಡುತ್ತಾ. "ಅಲ್ಲೇ ಮೇಡಂ. ಆ ಜಾಗವೇ ಅಂಥಾದ್ದು," ಎಂದುಬಿಟ್ಟಿದ್ದ. ಗಂಟಲಿನಿಂದ ಮಾತು ಅಷ್ಟು ಸಲೀಸಾಗಿ ಬಂದದ್ದು ಕಂಡು ಅವನಿಗೇ ಆಶ್ಚರ್ಯ. ದೂರಿನ ಫಾರಮ್ಮಿನಲ್ಲಿ ಒಂದು ಕಾಲಂ ಇದೆ, ಕೃತ್ಯ ನಡೆದ ಸ್ಥಳ, ಠಾಣೆಯಿಂದ ದಿಕ್ಕು ಮತ್ತು ದೂರ. ಬರುವವರೋ, "ನಮ್ಮ ತೋಟ್ದಾಗೆ ಸೋಮಿ," ಅನ್ನುತ್ತಾರೆ. ತೋಟ ಎಲ್ಲಿ ಎಂದರೆ, "ಅದೇ, ನಮ್ಮ ದೊಡ್ಡಪ್ಪನ ತೋಟದ ತೆಂಕಲಿಗೆ," ಅನ್ನುತ್ತಾರೆ. ಆ ದೊಡ್ಡಪ್ಪ ಯಾವ ದಿಕ್ಕು, ಎಷ್ಟು ದೂರ? ಎದ್ದು ಹೋಗಿ ನೋಡಿದವನಿಗೆ ಗೊತ್ತು. ಚಿಕ್ಕಹನುಮಯ್ಯ ಎದ್ದು ಹೋಗುವವನಲ್ಲ. ಊರಿನಾಚೆ ಅವನು ಕಣ್ಣಾರೆ ಕಂಡಿದ್ದ ಜಾಗ ಒಂದೇ ಒಂದು. ಮೂರು ಹಳ್ಳಿಯ ದಾರಿ ಕೂಡುವಲ್ಲಿ, ಹೊಂಗೆಮರದ ಸುತ್ತ ಕಲ್ಲುಕಟ್ಟೆ, ಪಕ್ಕದಲ್ಲಿ ಕಾಯಿ ಸುಲಿಯುವ ಮಾರಯ್ಯನ ಗುಡಿಸಲು. ಠಾಣೆಯಿಂದ ಈಶಾನ್ಯಕ್ಕೆ ನಾಲ್ಕು ಕಿಲೋಮೀಟರ್. ಅದು ಬಾಯಿಪಾಠ. ಯಾವ ಹಳ್ಳಿಯವನು ಬಂದರೂ ಆ ದಾರಿ ಹಾದೇ ಬರಬೇಕಲ್ಲ, ಸಮೀಪ ಅಂದರೆ ಸುಳ್ಳೇನಲ್ಲವಲ್ಲ ಎಂದು ಮೊದಮೊದಲು ಸಮಾಧಾನ ಮಾಡಿಕೊಂಡಿದ್ದ. ಆಮೇಲೆ ಸಮಾಧಾನವೂ ಬೇಕಾಗಲಿಲ್ಲ, ಕೈ ತಾನೇ ಬರೆಯುತ್ತಿತ್ತು. ಹೊಂಗೆಕಟ್ಟೆಗೆ ಸಮೀಪ. ಎಷ್ಟು ದುಂಡಗೆ!

ಹೋಗಿ ನೋಡದಿರಲು ಕಾರಣ ಹೇಳಿದರೆ ನಗುತ್ತೀರಿ. ಅವನಿಗೆ ಸೈಕಲ್ ಬರುವುದಿಲ್ಲ. ಖಾಕಿ ಹಾಕಿದವನಿಗೆ ಸೈಕಲ್ ಬರುವುದಿಲ್ಲ ಎಂದರೆ ಗರಡಿಯವನಿಗೆ ಬಸ್ಕಿ ಬರುವುದಿಲ್ಲ ಎಂದ ಹಾಗೆ. ಎಪ್ಪತ್ತಮೂರರಲ್ಲಿ ರೈಟರ್ ಆದ ಹೊಸದರಲ್ಲಿ ಒಂದು ಸಲ ತೋಂಟದಾರ್ಯನ ಕ್ಯಾರಿಯರ್ ಮೇಲೆ ಕೂತು ಹೊಂಗೆಕಟ್ಟೆಗೆ ಹೋಗಿದ್ದ. ಕಟ್ಟೆಯ ಮೇಲೆ ಹೊಂಗೆಬೀಜ ಆಯುತ್ತಿದ್ದ ಹೆಂಗಸರಲ್ಲಿ ಒಬ್ಬಳು, "ನೋಡ್ರವ್ವಾ, ಪೊಲೀಸಪ್ಪನ್ನ ಪೊಲೀಸಪ್ಪ ಹೊತ್ಕೊಂಡ್ ಬತ್ತಾವ್ನೆ!" ಎಂದಳು. ಉಳಿದವರು ಸೆರಗು ಬಾಯಿಗಿಟ್ಟುಕೊಂಡು ನಕ್ಕ ನಗು ಇವತ್ತಿಗೂ ಅವನ ಕಿವಿಯಲ್ಲಿದೆ. "ಅವ್ರ ಕಾಲು ಉಳುಕೈತೆ ಕಣ್ರವ್ವಾ, ಸುಮ್ನಿರಿ," ಎಂದು ತೋಂಟದಾರ್ಯ ಗದರಿಸಿ ಬಾಯಿ ಮುಚ್ಚಿಸಿದ್ದ. ಠಾಣೆಗೆ ಬಂದಮೇಲೂ ಅದನ್ನು ಯಾರೆದುರೂ ಎತ್ತಲಿಲ್ಲ, ಹನ್ನೊಂದು ವರ್ಷದಲ್ಲಿ ಒಂದು ಸಲವೂ ಎತ್ತಲಿಲ್ಲ. ನಕ್ಕವರನ್ನು ಚಿಕ್ಕಹನುಮಯ್ಯ ಎಂದೋ ಮರೆಯುತ್ತಿದ್ದ. ಮರ್ಯಾದೆ ಉಳಿಸಿದವನನ್ನು ಕ್ಷಮಿಸಲು ಮಾತ್ರ ಆಗಲಿಲ್ಲ.

ಈಗಿನ ತಮಾಷೆ ನೋಡಿ. ಮೇಷ್ಟರಮ್ಮ ಎದುರಿಗೆ ಕೂತ ದಿನದಿಂದ ಅವನು ನಾಚಿಕೆಗೋ, ಜಂಬಕ್ಕೋ, ಪ್ರತಿ ದೂರಿನವರನ್ನೂ ಕೆದಕಿ ಕೆದಕಿ ಕೇಳಿ ನಿಜವಾದ ಜಾಗ ಬರೆಯತೊಡಗಿದ. ಅವರು ಹೊರಟುಹೋದ ಮೇಲೂ ಬಿಡಲಿಲ್ಲ. ಫೆಬ್ರವರಿಯಿಂದ ತೋಂಟದಾರ್ಯ ಹೊಂಗೆಕಟ್ಟೆಯಲ್ಲಿ ದಿನಕ್ಕೆರಡು ಸಲ ನಿಲ್ಲತೊಡಗಿದ, ಬಂದು ಹೋದದ್ದಕ್ಕೆ ರುಜು ಹಾಕಲು ಒಂದು ಪುಸ್ತಕವನ್ನು ಮಾರಯ್ಯನ ಗುಡಿಸಲಿನ ಕಂಬಕ್ಕೆ ನೇತುಹಾಕಿದ. ಆರು ತಿಂಗಳಲ್ಲಿ ಹೊಂಗೆಕಟ್ಟೆಯಲ್ಲಿ ಒಂದೇ ಒಂದು ಕಳವಿಲ್ಲ! ಹೇಗಿದ್ದೀತು? ಮೊದಲೇ ಎಲ್ಲಿತ್ತು? ಪೆನ್ನಿನಿಂದ ಹುಟ್ಟಿದ ಕಳವು ಪೆನ್ನಿನಿಂದಲೇ ಸತ್ತಿತು, ಹೆಸರು ಬಂದದ್ದು ತೋಂಟದಾರ್ಯನ ಸೈಕಲ್ಲಿಗೆ. ನಿಜ ಬರೆಯಲು ಶುರುಮಾಡಿದ ತನ್ನ ಆರು ತಿಂಗಳ ಪ್ರಾಮಾಣಿಕತೆಯೇ ಅವನ ತೋಳಿಗೆ ಮೂರು ಪಟ್ಟಿಯಾಗಿ ಕೂರುತ್ತದಲ್ಲ ಎಂದು ನೆನೆದರೆ ಚಿಕ್ಕಹನುಮಯ್ಯನಿಗೆ ಮೈಯೆಲ್ಲ ಉರಿ. ಹೇಳುವ ಹಾಗೂ ಇಲ್ಲ. ಹೇಳಿದರೆ ಮೊದಲು ಬೀಳುವುದು ತನ್ನ ತಲೆಯೇ. ಮೇಷ್ಟರಮ್ಮನಿಗೆ ಏನೋ ಒಂದು ಅನುಮಾನ ಇಲ್ಲದಿರಲಿಲ್ಲ. "ಇಲ್ಲಿಂದ ಓಡಿಸಿದ ಕಳ್ಳರು ಬೇರೆ ಕಡೆ ಹೋದರೇನೋ, ಸುತ್ತಮುತ್ತ ಸ್ವಲ್ಪ ಹೆಚ್ಚಿದೆ," ಎಂದು ನಡುವೆ ಒಮ್ಮೆ ಬಂದಾಗ ಅಲ್ಲಲ್ಲಿ ನೀಲಿ ತಲೆಯ ಸೂಜಿ ಚುಚ್ಚಿಸಿದ್ದರು. ಆ ನೀಲಿಗಳಿಗೆ ಶಾಯಿ ಹಚ್ಚಿದವನೂ ಅವನೇ.

ಹತ್ತು ಗಂಟೆಗೆ ಭೈರಮ್ಮ ಬಂದಳು. ನಕ್ಷೆ ಹೊಡೆದು ಮುಗಿಸಿ ತೋಂಟದಾರ್ಯ ಬೂಟಿಗೆ ಪಾಲಿಶ್ ಹಾಕಲು ಹಿಂದುಗಡೆ ಹೋಗಿದ್ದ. ಕುರ್ಚಿಯ ಮೇಲೆ ಅವನ ಕಾಲುಚೀಲದ ಗುರುತು ಇತ್ತು, ಒರೆಸಿದರೂ ಇತ್ತು. ಅದರ ಮೇಲೆ ಕೂತು ಚಿಕ್ಕಹನುಮಯ್ಯ ಪುಸ್ತಕ ತೆರೆದ. ಭೈರಮ್ಮ ಐವತ್ತು ದಾಟಿದ ಹೆಂಗಸು, ನಡೆದು ಬಂದ ಏದುಸಿರು, ಮೇಜಿನ ಅಂಚು ಹಿಡಿದುಕೊಂಡೇ ಮಾತು ಶುರುಮಾಡಿದಳು.

"ಎಂಬತ್ತು ಕಾಯಿ ಸೋಮಿ. ಕೆಡವಿ ಗುಡ್ಡೆ ಹಾಕಿದ್ವು. ಬೆಳಗಾಗೆದ್ದು ನೋಡುದ್ರೆ ಒಂದು ಮಟ್ಟೇನೂ ಇಲ್ಲ. ಅವರ ಕೈ ಸೇದೋಗ!"

"ತೋಟ ಎಲ್ಲಮ್ಮ?"

"ದಂಡಿನಶಿವರದ ದಾರೀಲಿ, ಹಳ್ಳ ದಾಟಿದ್ ಮ್ಯಾಕೆ ಎರಡನೇದು. ಮೂಲೇಲಿ ನೇರಳೆಮರ ಐತೆ. ಅದ್ರ ಬುಡದಾಗೇ ಸೋಮಿ ಗುಡ್ಡೆ ಹಾಕಿದ್ದು."

ಇಷ್ಟು ಸ್ಪಷ್ಟವಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ. ನೇರಳೆಮರ ಸಮೇತ. ಚಿಕ್ಕಹನುಮಯ್ಯ ಹೆಸರು ಬರೆದ, ಊರು ಬರೆದ, ಕಾಯಿಯ ಲೆಕ್ಕ ಬರೆದ. ಸ್ಥಳದ ಕಾಲಂಗೆ ಬಂದಾಗ ಹಿಂದುಗಡೆಯಿಂದ ಬ್ರಷ್ಷಿನ ಸದ್ದು ಕೇಳುತ್ತಿತ್ತು, ಬೂಟಿನ ಮೇಲೆ ಸರಕ್ ಸರಕ್ ಎಂದು, ಅದರ ಜೊತೆ ತೋಂಟದಾರ್ಯನ ಸಿಳ್ಳೆ. ನೆಮ್ಮದಿಯ ಮನುಷ್ಯನ ಸಿಳ್ಳೆ. ಹನ್ನೊಂದು ಗಂಟೆಗೆ ಆ ಬೂಟು ಎಸ್ಪಿಯ ಎದುರು ಠಕ್ಕೆಂದು ಕೂಡುತ್ತದೆ. ಒಂದು, ಒಂದೇ ಒಂದು ಕಳವು, ಹೆಚ್ಚಲ್ಲ. ಆರು ತಿಂಗಳ ಸೊನ್ನೆಯ ಮೇಲೆ ಒಂದು. ಯಾರಿಗೆ ಏನು ಕೆಡುಕು? ಹನ್ನೊಂದು ವರ್ಷ ಬರೆದಾಗ ಯಾರ ಮನೆ ಮುಳುಗಿತು? ಕೈ ಅವನನ್ನು ಕೇಳಲಿಲ್ಲ ಎನ್ನಲಾಗದು. ಈ ಸಲ ಕೇಳಿತು, ಅವನು ಹೂಂ ಅಂದ. ಹೊಂಗೆಕಟ್ಟೆಗೆ ಸಮೀಪ, ಈಶಾನ್ಯಕ್ಕೆ ನಾಲ್ಕು ಕಿಲೋಮೀಟರ್. ಬರೆದದ್ದನ್ನು ದೂರುದಾರರಿಗೆ ಓದಿ ಹೇಳಬೇಕು ಎಂದು ಕಾನೂನಿದೆ, ಕಾನೂನಿನಲ್ಲಿ ಅವನು ಎಂದೂ ತಪ್ಪಿದವನಲ್ಲ. ಓದಿ ಹೇಳಿದ. ಸ್ಥಳ ಬಂದಾಗ ಕಣ್ಣು ಕಾಗದದ ಮೇಲೇ ಇಟ್ಟು, "ದಂಡಿನಶಿವರದ ದಾರಿ, ಹಳ್ಳ ದಾಟಿ ಎರಡನೇ ತೋಟ, ನೇರಳೆಮರದ ಬುಡ," ಎಂದು ಓದಿದ. ಭೈರಮ್ಮ, "ಹೂಂ ಸೋಮಿ, ಅದೇಯ," ಎಂದು ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿಯನ್ನು ತಲೆಗೆ ಒರೆಸಿಕೊಂಡು ಕೈಮುಗಿದಳು. ಅವಳು ಬಾಗಿಲು ದಾಟುವವರೆಗೂ ಅವನಿಗೆ ತಲೆ ಎತ್ತಲಾಗಲಿಲ್ಲ.

ಎಸ್ಪಿ ಸಾಹೇಬರು ಹನ್ನೊಂದೂವರೆಗೆ ಬಂದರು. ಅವರ ಜೀಪಿನಲ್ಲೇ ಗಿರಿಜಾಂಬಿಕಾ ಇದ್ದರು, ಒಂದು ರಟ್ಟಿನ ಫೈಲು ಎದೆಗೊತ್ತಿಕೊಂಡು. ಇಳಿದವರು, "ಚೆನ್ನಾಗಿದೀರಾ ಚಿಕ್ಕಹನುಮಯ್ಯನವರೇ?" ಎಂದು ಕೇಳಿದರು, ಉತ್ತರಕ್ಕೆ ನಿಲ್ಲದೆ ನಕ್ಷೆಯ ಕಡೆ ಹೋದರು. ಕಾಡಸಿದ್ದಪ್ಪನವರು ಲಾಠಿಯ ತುದಿಯಿಂದ ಕೆಂಪು ಸೂಜಿಗಳನ್ನು ತೋರಿಸುತ್ತಾ ವಿವರಿಸಿದರು. ಮೂರು ವರ್ಷದಲ್ಲಿ ಇಷ್ಟು ಸಾರ್, ಆರು ತಿಂಗಳಿಂದ ಸೊನ್ನೆ ಸಾರ್, ಡ್ಯೂಟಿ ಮಾಡಿದವನು ಇವನು ಸಾರ್. ಎಸ್ಪಿ ತೋಂಟದಾರ್ಯನ ಭುಜ ತಟ್ಟಿದರು. ತಟ್ಟಿದ ಸದ್ದು ಚಿಕ್ಕಹನುಮಯ್ಯನ ಕೆನ್ನೆಗೆ ಬಿದ್ದ ಹಾಗಾಯಿತು. "ಇವತ್ತಿನವರೆಗೂ ಸೊನ್ನೆಯೇ ತಾನೇ?" ಎಂದು ಗಿರಿಜಾಂಬಿಕಾ ಫೈಲು ತೆರೆದರು, ಕೊನೆಯ ತಾರೀಖು ಬರೆದುಕೊಳ್ಳಲು. "ಏನ್ರೀ ರೈಟರ್, ಓದಿ," ಎಂದರು ಕಾಡಸಿದ್ದಪ್ಪ, ಮೀಸೆಯಲ್ಲೇ ನಗುತ್ತಾ. ಚಿಕ್ಕಹನುಮಯ್ಯ ಪುಸ್ತಕ ತೆರೆದು ಓದಿದ. ದನಿ ಎಲ್ಲೂ ನಡುಗಲಿಲ್ಲ. ನಡುಗಬೇಕಿತ್ತು ಎಂದು ಆಮೇಲೆ ಎಷ್ಟೋ ದಿನ ಅಂದುಕೊಂಡ.

ಅವನು ಕಾದಿದ್ದ ಗಳಿಗೆ ಅದು. ತೋಂಟದಾರ್ಯನ ಮುಖ ಇಳಿದದ್ದನ್ನು ಕಣ್ತುಂಬ ನೋಡಬೇಕೆಂದಿದ್ದ, ನೋಡಿದ. ಇಳಿದಿರಲಿಲ್ಲ. ಅವನು ಚಿಕ್ಕಹನುಮಯ್ಯನನ್ನೇ ನೋಡುತ್ತಿದ್ದ, ಬಸ್ಸಿನಲ್ಲಿ ಪಕ್ಕದವನಿಗೆ ವಾಂತಿ ಬರುವ ಹಾಗಿದೆ ಎಂದು ಗೊತ್ತಾದಾಗ ನೋಡುತ್ತಾರಲ್ಲ ಹಾಗೆ. ಬದಲಾಗಿ ಕೆಂಪಗಾದದ್ದು ಕಾಡಸಿದ್ದಪ್ಪನವರ ಮುಖ. ಎಸ್ಪಿ ಎದುರು ಮಾನ ಹೋದ ಸಬ್ ಇನ್ಸ್‌ಪೆಕ್ಟರಿಗೆ ಸಿಟ್ಟು ಬಂದರೆ ಅದು ಎಲ್ಲಿ ಹೋಗಿ ಬೀಳುತ್ತದೆಂದು ಹದಿನೆಂಟು ವರ್ಷದಿಂದ ಕಂಡವನು ಚಿಕ್ಕಹನುಮಯ್ಯ. ಕಂಡೂ ಯೋಚಿಸಿರಲಿಲ್ಲ. "ಅಲ್ಲಿರೋನು ಒಬ್ಬನೇ ಸಾರ್, ಆ ಕಾಯಿ ಸುಲಿಯೋ ಮಾರಯ್ಯ. ಪೊಲೀಸ್ ಪುಸ್ತಕ ಮನೇಲಿ ಇಟ್ಕೊಂಡು ಪೊಲೀಸರಿಗೇ ಟೋಪಿ ಹಾಕವ್ನೆ," ಎಂದು ಅವರು ಜೀಪು ಕಳಿಸಿದರು. "ಇದೇ ಬೇಡ ಅಂತ ತಾನೇ ಆರು ತಿಂಗಳು ಇಷ್ಟೆಲ್ಲ ಮಾಡಿದ್ದು?" ಎಂದು ಗಿರಿಜಾಂಬಿಕಾ ಎಸ್ಪಿಯ ಕಡೆ ತಿರುಗಿದರು. "ಬರೀ ವಿಚಾರಣೆ ಮೇಡಂ," ಎಂದರು ಎಸ್ಪಿ, ಕಾಫಿ ಲೋಟ ತೆಗೆದುಕೊಳ್ಳುತ್ತಾ. ಕಾಫಿಗೆ ಹೇಳಿದವನು, ತಂದವನು, ಲೋಟ ಕೊಟ್ಟವನು ಚಿಕ್ಕಹನುಮಯ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಅವನ ಅವ್ವ ಅನ್ನುತ್ತಿದ್ದಳು. ಎತ್ತಿಗೆ ಜ್ವರ ತರಿಸಿದವನ ವಿಚಾರ ಆ ಗಾದೆಯಲ್ಲಿ ಇರಲಿಲ್ಲ.

ಮಾರಯ್ಯನನ್ನು ತಂದು ನಿಲ್ಲಿಸಿದಾಗ ಅವನ ಕೈಯಲ್ಲಿ ಆ ಪುಸ್ತಕವೂ ಇತ್ತು, ಒಗೆದ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ. ಅದನ್ನೇ ಕೇಳಲು ಕರೆಸಿದ್ದಾರೆ ಎಂದುಕೊಂಡಿದ್ದನೇನೋ. "ದಿನಾ ಧೂಳು ಹೊಡೀತೀನಿ ಬುದ್ದೀ. ಒಂದು ಹಾಳೇನೂ ಹರಿದಿಲ್ಲ," ಎಂದು ಎರಡೂ ಕೈಯಲ್ಲಿ ಚಾಚಿದ. ಸುಲಿದು ಸುಲಿದು ಅವನ ಅಂಗೈ ಕೊರಡಿನ ಹಾಗಾಗಿತ್ತು. "ರಾತ್ರಿ ಎಲ್ಲಿದ್ಯೋ?" ಎಂದರೆ, "ಗುಡ್ಲಾಗೆ ಬುದ್ದೀ, ಇನ್ನೆಲ್ಲಿರಾನ?" ಎಂದ. "ಎಂಬತ್ತು ಕಾಯಿ ಎಲ್ಲೋ?" ಎಂದರೆ ಎಲ್ಲರ ಮುಖವನ್ನೂ ಸರದಿಯಾಗಿ ನೋಡಿದ. ಕಾಡಸಿದ್ದಪ್ಪನವರು ಪುಸ್ತಕ ಕಿತ್ತು ಮೇಜಿನ ಮೇಲೆ ಎಸೆದು, "ಹಿಂದಿನ ರೂಮಿಗೆ ಕರ್ಕೊಂಡ್ ಹೋಗ್ರೀ, ಅಲ್ಲಿ ಬಾಯಿ ಬಿಡ್ತಾನೆ," ಎಂದರು. ಆ ರೂಮಿನ ಬಾಗಿಲು ಚಿಕ್ಕಹನುಮಯ್ಯನ ಕುರ್ಚಿಯ ಬೆನ್ನಿಗೇ ಇತ್ತು. ಒಳಗಿನ ಸದ್ದು ಕೇಳುತ್ತಲೇ ಹನ್ನೊಂದು ವರ್ಷ ದುಂಡಗೆ ಬರೆದಿದ್ದಾನೆ, ಒಂದಕ್ಷರ ಅಲ್ಲಾಡಿದ್ದಿಲ್ಲ. ಇವತ್ತು ಕೂರಲಾಗಲಿಲ್ಲ. ನೀರು ಕುಡಿಯುವ ನೆಪದಲ್ಲಿ ಹಿತ್ತಿಲ ಜಗುಲಿಗೆ ಬಂದು ಗಡಿಗೆಯ ಮುಂದೆ ನಿಂತ. ಹಿಂದೆಯೇ ಪಾಲಿಶ್ ಹಾಕಿದ ಬೂಟಿನ ಸದ್ದು ಬಂತು.

"ಭೈರಮ್ಮ ನಂಗೂ ಗೇಟ್ ತಾವ ಸಿಕ್ಕಿದ್ಲು ಕಣ್ಲಾ," ಎಂದ ತೋಂಟದಾರ್ಯ. "ನೇರಳೆಮರ ಅಂದ್ಲು. ಯಾಕ್ಲಾ ಹಿಂಗ್ ಬರ್ದೆ?"

ಚಿಕ್ಕಹನುಮಯ್ಯ ಲೋಟ ಅದ್ದಿದ. ನೀರು ತುಂಬಿತು, ಎತ್ತಲಿಲ್ಲ.

"ಹಳೇವೂ ನಂಗೊತ್ತು ಬುಡು. ಆ ನಲವತ್ತೊಂದರಲ್ಲಿ ಮುಕ್ಕಾಲು ಪಾಲು ನಾನೇ ಹೋಗಿ ನೋಡ್ಕಂಡು ಬಂದಿದ್ದಲ್ವಾ? ಹೊಂಗೆಕಟ್ಟೇಲಿ ಏನ್ಲಾ ಇದ್ದಾತು ಕದಿಯಾಕೆ, ಹೊಂಗೆ ಎಲೇನಾ? ಮೇಡಮ್ಮೋರು ನನ್ನೂ ಕೇಳುದ್ರು. ನೀನು ಅಲ್ಲೇ ಅಂದ್ಬುಟ್ಟಿದ್ದೆ. ನಿನ್ ಮಾತ್ನ ಸುಳ್ಳು ಮಾಡಕಾಯ್ತದಾ? ಅಲ್ಲೇ ಅಂದೆ."

"ಮತ್ತೆ ಮೂರು ಪಟ್ಟಿ?" ದನಿ ತನ್ನದೇ ಎಂದು ಚಿಕ್ಕಹನುಮಯ್ಯನಿಗೆ ಗುರುತು ಹತ್ತಲಿಲ್ಲ.

"ಬಂದ್ರೆ ಬ್ಯಾಡ ಅನ್ನಾಕೆ ನಾನೇನ್ ಜಂಗಮನಾ? ಆರು ತಿಂಗಳು ಖಾಲಿ ಜಾಗಕ್ಕೆ ಕಾವಲು ನಿಂತಿದ್ದೀನಿ ಕಣ್ಲಾ, ನಿನ್ ದೆಸೆಯಿಂದ. ಬಿಸಿಲಲ್ಲಿ." ನಕ್ಕ. ಆಮೇಲೆ ನಗು ಅಳಿಸಿ ಒಳಗೆ ಕಿವಿಗೊಟ್ಟ. "ಇರ್ಲಿ. ಆ ಬಡಪಾಯಿ ಏಟು ತಿಂತಾನೆ ಈಗ. ನಾನೇ ಹೋಗಿ ಹೇಳ್ತೀನಿ. ನೀನ್ ಸುಮ್ಕಿರು," ಎಂದು ಹೋಗಿಯೇಬಿಟ್ಟ.

ಏನು ಹೇಳುತ್ತಾನೆ? ಗಡಿಗೆಗೆ ಒರಗಿ ನಿಂತವನಿಗೆ ಒಳಗಿನ ಮಾತು ಒಂದೊಂದೂ ಕೇಳಿಸಿತು. "ಸಾರ್, ಮಾರಯ್ಯನ್ನ ಬುಟ್ಬುಡಿ. ಕಳವಾದ್ದು ದಂಡಿನಶಿವರದ ದಾರೀಲಿ. ಹೊಂಗೆಕಟ್ಟೆ ಅಂತ ರೈಟರ್‌ಗೆ ಹೇಳ್ದೋನು ನಾನು. ಹಿಂದಿನವೂವೆ ನಾನು ಸರಿಯಾಗಿ ನೋಡ್ದೆ ಹೇಳಿದ್ದು ಸಾರ್. ರೈಟರ್ ಬರ್ಕೊಂಡವ್ರೆ ಅಷ್ಟೇಯ. ತಪ್ಪು ನಂದು." ದನಿಯಲ್ಲಿ ಒಂದು ಗೀರಿಲ್ಲ. ಎಷ್ಟು ಸಲೀಸಾಗಿ, ಎಂಥ ದೊಡ್ಡಸ್ತಿಕೆಯಿಂದ ಹೇಳುತ್ತಿದ್ದಾನೆ! ಗಿರಿಜಾಂಬಿಕಾ ಈಗ ಕನ್ನಡಕ ತೆಗೆದು ಅವನನ್ನು ಬರಿಗಣ್ಣಲ್ಲಿ ನೋಡುತ್ತಿರಬಹುದು. ಪಟ್ಟಿ ಹೋದರೂ ಆ ನೋಟ ಅವನಿಗೇ. ರಂಗಕ್ಕ ನಾಳೆ ಇಸ್ತ್ರಿ ಮಾಡುತ್ತಾ, ಎಂಥಾ ಮನುಸ್ರು ನೋಡಿ ತೋಂಟದಾರಣ್ಣೋರು, ಅನ್ನುತ್ತಾಳೆ. ಸೈಕಲ್ ಅವನದು, ಎಳನೀರು ಅವನದು, ಭುಜ ತಟ್ಟಿಸಿಕೊಂಡದ್ದು ಅವನು, ಈಗ ತಪ್ಪೂ ಅವನದೇ ಆಗಬೇಕೇ? ಹನ್ನೊಂದು ವರ್ಷ ಈ ಕೈಯಾರೆ ಬರೆದ ತಪ್ಪು. ಇಡೀ ಸರ್ವೀಸಿನಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ. ಅದನ್ನೂ ಕ್ಯಾರಿಯರ್ ಮೇಲೆ ಹೇರಿಕೊಂಡು ಹೊರಟನಲ್ಲ! ಚಿಕ್ಕಹನುಮಯ್ಯನ ಹೊಟ್ಟೆಯಲ್ಲಿ ಬೆಳಗಿನಿಂದ ಕೂತಿದ್ದ ಕೆಂಡ ಭಗ್ಗೆಂದಿತು. ಲೋಟ ಗಡಿಗೆಯೊಳಗೇ ಬಿತ್ತು. ಅವನು ಒಳಗೆ ಓಡಿದ.

"ಸುಳ್ಳು ಸಾರ್!" ಎಂದ. ಎಸ್ಪಿಯ ಎದುರು ಅಷ್ಟು ಜೋರಾಗಿ ಯಾರೂ ಮಾತಾಡಿರಲಿಕ್ಕಿಲ್ಲ. "ಇವನು ಸುಳ್ಳು ಹೇಳ್ತಾನೆ ಸಾರ್. ಇವನದೇನೂ ಇಲ್ಲ ಇದರಲ್ಲಿ. ನಂದು ಸಾರ್. ನಲವತ್ತೊಂದೂ ನಂದೇ. ಇವತ್ತಿಂದೂ ನಂದೇ, ಇವತ್ತಿಂದು ಬೇಕು ಅಂತ ಬರ್ದಿದ್ದು." ದೂರಿನ ಪುಸ್ತಕ ಎಳೆದುಕೊಂಡ. ಹೊಂಗೆಕಟ್ಟೆಗೆ ಸಮೀಪ ಎಂಬುದರ ಮೇಲೆ ಗೆರೆ ಎಳೆದ. ನಿಬ್ಬು ಕಾಗದ ಹರಿಯಿತು, ಶಾಯಿ ಹರಡಿ ಭೈರಮ್ಮನ ಹೆಬ್ಬೆಟ್ಟಿನವರೆಗೂ ಹೋಯಿತು. ಪಕ್ಕದಲ್ಲಿ ನೇರಳೆಮರದ ಬುಡ ಎಂದು ಬರೆದು, ಕೆಳಗೆ ರುಜು ಹಾಕಿದ. ಅಷ್ಟು ಕೆಟ್ಟ ಅಕ್ಷರವನ್ನು ಅವನು ಎಂದೂ ಬರೆದಿರಲಿಲ್ಲ. ಕಾಡಸಿದ್ದಪ್ಪನವರು ಬಾಯಿ ತೆರೆದವರು ಎಸ್ಪಿಯ ಮುಖ ನೋಡಿ ಮುಚ್ಚಿಕೊಂಡರು. ಹಿಂದಿನ ರೂಮಿನ ಬಾಗಿಲಲ್ಲಿ ಮಾರಯ್ಯನನ್ನು ಹಿಡಿದಿದ್ದ ಪೇದೆಯ ಕೈ ತಾನಾಗಿ ಸಡಿಲವಾಯಿತು. ತೋಂಟದಾರ್ಯ ಮಾತ್ರ, "ಥೂ ಹನುಮ," ಎಂದ ಮೆಲ್ಲಗೆ, ಬೈದನೋ ಅಯ್ಯೋ ಅಂದನೋ ತಿಳಿಯದ ಹಾಗೆ.

ಗಿರಿಜಾಂಬಿಕಾ ನಕ್ಷೆಯ ಹತ್ತಿರ ಹೋಗಿ ಕೆಂಪು ಸೂಜಿಗಳನ್ನು ಒಂದೊಂದಾಗಿ ಕೀಳತೊಡಗಿದರು. ಕೀಳುವ ರಭಸದಲ್ಲೇ ಅವರ ಸಿಟ್ಟು ಚಿಕ್ಕಹನುಮಯ್ಯನಿಗೆ ತಿಳಿಯಿತು. ಎಲ್ಲ ಕಿತ್ತಮೇಲೆ ಹೊಂಗೆಕಟ್ಟೆಯ ಜಾಗದಲ್ಲಿ ಕಾಗದ ಜರಡಿಯಾಗಿತ್ತು. ಸೂಜಿಗಳನ್ನು ತಂದು ಅವನ ಅಂಗೈಗೆ ಸುರಿದರು. "ಇವು ಎಲ್ಲೆಲ್ಲಿ ಆದವೋ ಅಲ್ಲಲ್ಲಿಗೆ ನೀವೇ ಹೋಗಿ, ನೋಡಿ, ಸರಿಯಾದ ಜಾಗ ಬರಕೊಂಡು ಬನ್ನಿ. ಒಂದೊಂದಕ್ಕೂ," ಎಂದರು. 'ನವರೇ' ಎನ್ನಲಿಲ್ಲ. "ಅಷ್ಟು ಮಾಡಲಿ, ಆಮೇಲೆ ನಾನು ವಿಚಾರ ಮಾಡ್ತೀನಿ. ಎರಡೂ ಹೆಸರು ಬೇಡ ಸದ್ಯ," ಎಂದರು ಎಸ್ಪಿ, ಟೋಪಿ ಹಾಕಿಕೊಳ್ಳುತ್ತಾ. ಕಾಡಸಿದ್ದಪ್ಪನವರು ಗುಡುಗಿದರು, "ಕೇಳಿಸ್ತೇನ್ರೀ? ಸೈಕಲ್ ತಗೊಂಡು ಈಗಲೇ ಹೊರಡಿ!"

ತೋಂಟದಾರ್ಯ ಬಾಯಿ ತೆರೆದ. ಕಾಲು ಉಳುಕೈತೆ ಎನ್ನಲು ಹೊರಟಿದ್ದ, ಚಿಕ್ಕಹನುಮಯ್ಯನಿಗೆ ಖಂಡಿತ ಗೊತ್ತು. ಅವನಿಗಿಂತ ಮೊದಲು ಹೇಳಿಬಿಡಬೇಕು ಎನ್ನುವ ಅವಸರದಲ್ಲಿ ಮಾತು ಒದ್ದುಕೊಂಡು ಬಂತು. "ನಂಗೆ ಸೈಕಲ್ ಬರಲ್ಲ ಸಾರ್."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬಾಗಿಲ ಹತ್ತಿರ ಮಾರಯ್ಯ ತನ್ನ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಪೊಲೀಸ್ ಪುಸ್ತಕವನ್ನು ಮತ್ತೆ ತೆಗೆದುಕೊಂಡು ಹೋಗಬೇಕೋ, ಬಿಟ್ಟು ಹೋಗಬೇಕೋ ಅವನಿಗೆ ಯಾರೂ ಹೇಳಿರಲಿಲ್ಲ. ಒಂದು ಗಳಿಗೆ ಅದನ್ನೇ ನೋಡಿ, ಮೇಜಿನ ಮೇಲೇ ಬಿಟ್ಟ. ಅಂಗೈ ತುಂಬ ಸೂಜಿ ಹಿಡಿದು, ಮುಚ್ಚಲೂ ಆಗದೆ ಚೆಲ್ಲಲೂ ಆಗದೆ ನಿಂತಿದ್ದ ಚಿಕ್ಕಹನುಮಯ್ಯನ ಕಡೆ ತಿರುಗಿದ.

"ನಡ್ಕೊಂಡೇ ಬನ್ನಿ ಬುದ್ದೀ," ಎಂದ. "ನಾನೂ ಅದೇ ದಾರೀಲೇ ಹೋಗದು."